ಬಜೆಟ್ ಪಾಸಾಗುವ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಫೆಬ್ರವರಿ 2ರಂದು ಪೇಪರ್ ಬಿಡಿಸಿದರೆ ಬಜೆಟ್‌ದೇ ಜಾತ್ರೆ. ಯಾವುದು ಅಗ್ಗ, ಯಾವುದು ದುಬಾರಿ, ಸಚಿವರು ಉಟ್ಟ ಸೀರೆ ಯಾವುದು ಎಂಬುದೂ ಬರುತ್ತದೆ. ಬರಲಿ, ನಾನೂ ಮೊದಲು ನೋಡುವುದು ಆದಾಯ ತೆರಿಗೆಯನ್ನೇ. ಆದರೆ ಅಂದು ಓದಿದ್ದು ಬರೀ ಪ್ರಸ್ತಾವ. ಸಂಸತ್ತು ಒಪ್ಪದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ರೂಪಾಯಿ ತೆಗೆಯುವ ಹಾಗಿಲ್ಲ. ಆ ಒಪ್ಪಿಗೆ ಸಿಗುವುದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಆಗ ಒಳಪುಟದಲ್ಲಿ ನಾಲ್ಕು ಸಾಲು ಬಂದರೆ ಪುಣ್ಯ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿದ್ದವನು. ‘ಅನುದಾನ ಇಲ್ಲ’ ಅಂತ ಬರೆದು ಬಿಲ್ ವಾಪಸ್ ಕಳಿಸುವುದೇ ಅರ್ಧ ಕೆಲಸ. ಹಾಗಾಗಿ ಈ ಅನುದಾನಕ್ಕೆ ಯಾರು ಹೇಗೆ ಹೂಂ ಅನ್ನುತ್ತಾರೆ ಎನ್ನುವ ಕುತೂಹಲ ಇನ್ನೂ ಹೋಗಿಲ್ಲ. ಭಾಷಣದ ನಂತರ ಕೆಲವು ದಿನ ಸಾಮಾನ್ಯ ಚರ್ಚೆ, ಆಮೇಲೆ ಬಿಡುವು. ಆ ಬಿಡುವಿನಲ್ಲಿ ಸಂಸದರ ಸ್ಥಾಯಿ ಸಮಿತಿಗಳು ಒಂದೊಂದು ಸಚಿವಾಲಯದ ಬೇಡಿಕೆಯನ್ನೂ, ಅಂದರೆ ಅದು ಕೇಳಿದ ಅನುದಾನದ ಪಟ್ಟಿಯನ್ನು, ಹಿಡಿದು ಕೂರುತ್ತವೆ. ಹೋದ ವರ್ಷ ಕೊಟ್ಟ ಹಣ ಏಕೆ ಖರ್ಚಾಗಲಿಲ್ಲ ಎಂದು ಅಧಿಕಾರಿಗಳನ್ನು ಕರೆಸಿ ಕೇಳುತ್ತವೆ. 1993ರಿಂದ ಹೀಗೆ ನಡೆದಿದೆ. ನಂತರ ಬೇಡಿಕೆಗಳು ಲೋಕಸಭೆಯಲ್ಲಿ ಮತಕ್ಕೆ ಬರುತ್ತವೆ. ಸದಸ್ಯರು ಮೊತ್ತ ಹೆಚ್ಚಿಸುವಂತಿಲ್ಲ, ಕಡಿತ ಸೂಚನೆ ತರಬಹುದು. ಸಚಿವಾಲಯದ ನೀತಿಯೇ ಸರಿಯಿಲ್ಲ ಅನ್ನಿಸಿದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನಬಹುದು. ನಿರ್ದಿಷ್ಟ ದೂರಿದ್ದರೆ 100 ರೂಪಾಯಿ ಕಡಿತ ಸಾಕು. ಪಾಸಾಗಲ್ಲ ಬಿಡಿ. ಆದರೆ ಚರ್ಚೆಗೆ ಬಂದರೆ ಸಚಿವರು ಎದ್ದು ಉತ್ತರ ಹೇಳಬೇಕು, ಅದು ದಾಖಲೆಯಲ್ಲಿ ಉಳಿಯುತ್ತದೆ.

ನಡೆಯುವುದೇ ಬೇರೆ. ನೂರರ ಆಸುಪಾಸು ಬೇಡಿಕೆಗಳಲ್ಲಿ ಚರ್ಚೆಯ ಭಾಗ್ಯ ಬೆರಳೆಣಿಕೆಯ ಸಚಿವಾಲಯಗಳಿಗೆ ಮಾತ್ರ. ಕೊನೆಯ ದಿನ ನಿಗದಿಯಾದ ಹೊತ್ತಿಗೆ ಸ್ಪೀಕರ್ ಉಳಿದದ್ದನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದೇ ಗಿಲೊಟಿನ್. 2018ರ ಮಾರ್ಚ್‌ನಲ್ಲಿ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಯಾಗದೆ ಎಲ್ಲ ಪಾಸಾಯಿತು. 2023ರ ಮಾರ್ಚ್‌ನಲ್ಲಿ ಮತ್ತೆ ಅದೇ: ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್, ಸುತ್ತ ಘೋಷಣೆ, ಗದ್ದಲ, ನಡುವೆ ಧ್ವನಿಮತ. ಕೂಗಿದವರು, ಕೂಗಲು ಬಿಟ್ಟು ಕೆಲಸ ಮುಗಿಸಿಕೊಂಡವರು, ಇಬ್ಬರ ಮೇಲೂ ನನಗೆ ಸಿಟ್ಟಿದೆ. ಫೆಬ್ರವರಿ ಕೊನೆಗೆ ಬರುತ್ತಿದ್ದ ಬಜೆಟನ್ನು 2017ರಲ್ಲಿ ಫೆಬ್ರವರಿ 1ಕ್ಕೆ ತಂದಿದ್ದೇ ಏಪ್ರಿಲ್ 1ರೊಳಗೆ ಎಲ್ಲ ಮುಗಿಯಲಿ, ಬಜೆಟ್ ಪಾಸಾಗುವ ತನಕದ ಖರ್ಚಿಗೆ ಮುಂಗಡ ಒಪ್ಪಿಗೆ ಪಡೆಯುವ ಲೇಖಾನುದಾನದ ಗೋಜು ಬೇಡ ಅಂತ ಅಲ್ವಾ? ಒಂದು ತಿಂಗಳು ಜಾಸ್ತಿ ಸಿಕ್ಕಿತು. ಮಾತು ಮಾತ್ರ ಜಾಸ್ತಿ ಆಗಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ನಿರ್ಮಲಾ ಸೀತಾರಾಮನ್ ನಮ್ಮ ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾದವರು. ಬೇಡಿಕೆಗಳಿಗೆ ಮತ ಹಾಕುವುದು ಲೋಕಸಭೆ ಮಾತ್ರ. ಅಂದರೆ ಅವರು ಅಲ್ಲಿ ಬಜೆಟ್ ಓದಬಹುದು, ಉತ್ತರ ಕೊಡಬಹುದು, ತಮ್ಮದೇ ಬೇಡಿಕೆಗೆ ‘ಹೌದು’ ಎನ್ನುವಂತಿಲ್ಲ. ಹೌದೋ ಅಲ್ಲವೋ ಅನ್ನಬೇಕಾದವರು ನಾವು ಓಟು ಹಾಕಿ ಕಳಿಸಿದ 28 ಜನ.

ಅವರ ಲೆಕ್ಕ ಕೊಡಿ ಎನ್ನುವುದಷ್ಟೇ ನನ್ನ ಕೋರಿಕೆ. ಯಾವ ಸಚಿವಾಲಯ ಚರ್ಚೆಗೆ ಬಂತು, ಯಾವುದು ಗಿಲೊಟಿನ್‌ಗೆ ಹೋಯಿತು, ನಮ್ಮ 28 ಜನರಲ್ಲಿ ಯಾರು ಮಾತಾಡಿದರು, ಯಾರು ಕಡಿತ ಸೂಚನೆ ಕೊಟ್ಟರು, ಸಮಿತಿಯ ವರದಿಯಲ್ಲಿ ಏನಿತ್ತು. ಮಾರ್ಚ್‌ನಲ್ಲಿ ಒಂದು ದಿನ ಅರ್ಧ ಪುಟ ಸಾಕು. ವರದಿ ಓದಲು ಜನ ಇಲ್ಲ ಎಂದರೆ ಹೇಳಿ, ನಮ್ಮಂಥ ನಿವೃತ್ತರು ಸುಮ್ನೆ ಕೂತಿದ್ದೇವೆ, ಬಿಟ್ಟಿಯಾಗಿ ಓದಿಕೊಡುತ್ತೇವೆ.

ಇತಿ,
ನಿವೃತ್ತ ಲೆಕ್ಕಪತ್ರ ಗುಮಾಸ್ತ