ರೂಟರ್ ಪಾಸ್‌ವರ್ಡ್ ಇನ್ನು ನಿಮ್ಮ ಕೈಯಲ್ಲೇ

ಗ್ರಾಹಕ ಮಿತ್ರರಿಗೆ ನಮಸ್ಕಾರ.

ಮುಂದಿನ ತಿಂಗಳು, ನಿಮ್ಮ ಕಂಪ್ಯೂಟರ್, ಇಂಟರ್‌ನೆಟ್ ನೋಡಿಕೊಳ್ಳುವ ನಮ್ಮ ಹುಡುಗರು ನಿಮ್ಮ ಅಂಗಡಿಗೆ, ಕ್ಲಿನಿಕ್‌ಗೆ, ಮಂಡಿಗೆ ಬಂದು ಅರ್ಧ ದಿನ ಕೆಲಸ ಮಾಡುತ್ತಾರೆ. ಏನೂ ಕೆಟ್ಟಿಲ್ಲ, ಮತ್ಯಾಕೆ ಬಂದರು ಅನ್ನಿಸಬಹುದು. ಅದಕ್ಕೇ ಈ ಪತ್ರ.

ಕಳೆದ ವರ್ಷ ಒಂದು ಸೋಮವಾರ ಬೆಳಿಗ್ಗೆ ನಮ್ಮ ಗ್ರಾಹಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆಯಲೇ ಇಲ್ಲ. ಫೈಲ್‌ಗಳ ಹೆಸರೆಲ್ಲ ಬದಲಾಗಿತ್ತು. ದುಡ್ಡು ಕೊಟ್ಟರೆ ಬಿಡಿಸಿಕೊಡುತ್ತೇವೆ ಅಂತ ಒಂದು ಚೀಟಿ ಪರದೆ ಮೇಲಿತ್ತು. ಬ್ಯಾಕಪ್ ಇತ್ತು. ಆದರೆ ಅದು ಅದೇ ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟಿದ್ದ ಪೆನ್‌ಡ್ರೈವ್‌ನಲ್ಲಿತ್ತು. ಅದೂ ಹೋಯಿತು. ಮನೆಮಂದಿಯೆಲ್ಲ ಕೂತು ಬಿಲ್ ಪುಸ್ತಕ ನೋಡಿಕೊಂಡು ಲೆಕ್ಕ ಮತ್ತೆ ಹಾಕಿದರು.

ಕಳ್ಳರು ನುಗ್ಗಿದ ಆ ಬಾಗಿಲು ತೆರೆದಿಟ್ಟವರು ನಾವು. ಆಡಿಟರ್ ಮನೆಯಿಂದಲೇ ಲೆಕ್ಕ ನೋಡಲಿ ಅಂತ ಇಂಟರ್‌ನೆಟ್ ಹಂಚುವ ಪೆಟ್ಟಿಗೆ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ಗೆ, ಅಂದರೆ ದೂರದಿಂದಲೇ ಕಂಪ್ಯೂಟರ್ ಬಳಸುವ ಸೌಲಭ್ಯಕ್ಕೆ, ದಾರಿ ಬಿಟ್ಟಿದ್ದೆವು. ಅದರ ಮಾಮೂಲಿ ಪೋರ್ಟ್ (ಒಳಬರುವ ದಾರಿಯ ನಂಬರ್) 3389ರ ಬದಲು ಬೇರೆ ನಂಬರ್ ಹಾಕಿದ್ದೆವು, ಅಷ್ಟು ಸಾಕು ಅಂದುಕೊಂಡಿದ್ದೆವು. ಸಾಲಲಿಲ್ಲ. ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಸಣ್ಣ ಊರು, ಸಣ್ಣ ಅಂಗಡಿ ಅಂತ ಅವು ಬಿಡುವುದಿಲ್ಲ. ಇನ್ನೂ ಒಂದು ಹೇಳಲೇಬೇಕು. ನಮಗೆ ಸುಲಭ ಆಗಲಿ ಅಂತ ಹಲವರ ರೂಟರ್‌ಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದೆವು. ಒಬ್ಬರದು ಸಿಕ್ಕರೆ ಎಲ್ಲರದೂ ಸಿಕ್ಕ ಹಾಗೆ. ಇದು ನಮ್ಮ ತಪ್ಪು, ಕ್ಷಮಿಸಿ. ಈ ಪತ್ರ ಬರೆಯುವ ಮೊದಲೇ ಆ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದ್ದೇವೆ, ಹೊರಗಿನ ಪೋರ್ಟ್‌ಗಳನ್ನೂ ಮುಚ್ಚಿದ್ದೇವೆ.

ಇನ್ನು ಮುಂದೆ ಹೊರಗಿಂದ ಲೆಕ್ಕ ನೋಡುವವರು ಮೊದಲು ವಿಪಿಎನ್ (ಇಂಟರ್‌ನೆಟ್‌ನಲ್ಲಿ ಬೇರೆಯವರಿಗೆ ಕಾಣದ ಖಾಸಗಿ ದಾರಿ) ಹಾಕಿಕೊಂಡು, ಫೋನಿಗೆ ಬರುವ ಕೋಡ್ ಕೊಟ್ಟೇ ಒಳಗೆ ಬರಬೇಕು. ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ. ನಿಮ್ಮ ಆಡಿಟರಿಗೆ ನಾವೇ ತೋರಿಸಿಕೊಡುತ್ತೇವೆ.

ಗಲ್ಲಾ ಪಕ್ಕದ ಗೋಡೆಗೆ ವೈಫೈ ಪಾಸ್‌ವರ್ಡ್ ಅಂಟಿಸಿದ್ದೀರಲ್ಲ, ಬಿಲ್ಲಿಂಗ್ ಕಂಪ್ಯೂಟರೂ ಅದೇ ವೈಫೈನಲ್ಲಿದೆ. ಗಿರಾಕಿಗಳಿಗೆ ಬೇರೆ ವೈಫೈ ಮಾಡಿಕೊಡುತ್ತೇವೆ, ಸಿಸಿಟಿವಿಯನ್ನೂ ಬಿಲ್ಲಿಂಗ್‌ನಿಂದ ಬೇರೆ ಇಡುತ್ತೇವೆ. ಗಿರಾಕಿಗಳ ಫೋನಿಂದ ನಿಮ್ಮ ಪ್ರಿಂಟರಿಗೆ ನೇರ ಪ್ರಿಂಟ್ ಕೊಡಲು ಆಗ ಬರುವುದಿಲ್ಲ. ಝೆರಾಕ್ಸ್ ಅಂಗಡಿಯವರು ಮೊದಲೇ ಹೇಳಿ, ಬೇರೆ ದಾರಿ ಮಾಡೋಣ.

ಬ್ಯಾಕಪ್‌ಗೆ ಎರಡು ಹಾರ್ಡ್‌ಡಿಸ್ಕ್ ಬೇಕು. ಅದರ ಖರ್ಚು ನಿಮ್ಮದು, ಉಳಿದ ಕೆಲಸಕ್ಕೆ ಶುಲ್ಕ ಇಲ್ಲ. ವಾರಕ್ಕೊಂದರಂತೆ ಬದಲಾಯಿಸಿ. ಒಂದು ಯಾವಾಗಲೂ ಮನೆಯಲ್ಲಿರಲಿ, ಬ್ಯಾಕಪ್ ಮುಗಿದ ಮೇಲೆ ಇನ್ನೊಂದನ್ನೂ ಕಂಪ್ಯೂಟರಿಂದ ಬಿಚ್ಚಿಡಿ. ಮೂರು ತಿಂಗಳಿಗೊಮ್ಮೆ ಆ ಡಿಸ್ಕ್‌ನಿಂದ ಲೆಕ್ಕ ನಿಜಕ್ಕೂ ತೆರೆಯುತ್ತದಾ ಅಂತ ನಾವು ಬಂದು ನೋಡುತ್ತೇವೆ.

ವಿಂಡೋಸ್ 10 ಇರುವವರಿಗೆ ಒಂದು ಮಾತು. ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ, ಅಂದರೆ ಭದ್ರತೆಯ ಅಪ್‌ಡೇಟ್‌ಗಳು ಮಾಮೂಲಾಗಿ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲ್ ಒತ್ತೆ ಇಟ್ಟು ದುಡ್ಡು ಕೇಳುವ ವೈರಸ್ ಜಗತ್ತಿನ ಎಷ್ಟೋ ಆಸ್ಪತ್ರೆ, ಕಚೇರಿಗಳನ್ನು ನಿಲ್ಲಿಸಿತಲ್ಲ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಎಲ್ಲ ಯಂತ್ರ ಒಟ್ಟಿಗೆ ಬದಲಾಯಿಸಿ ಅನ್ನುವುದಿಲ್ಲ. ಬಿಲ್ಲಿಂಗ್ ಯಂತ್ರ ಮೊದಲು ಆಗಲಿ.

ರೂಟರ್‌ನ ಹೊಸ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ನಿಮ್ಮ ಕೈಗೇ ಕೊಡುತ್ತೇವೆ. ಬೀರುವಿನಲ್ಲಿಡಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ನಮ್ಮ ಹೆಸರು ಹೇಳಿ ಯಾರಾದರೂ ಫೋನಿನಲ್ಲಿ ಕೇಳಿದರೆ ಕೊಡದೆ, ನಮ್ಮ ಬಿಲ್ ಮೇಲಿರುವ ನಂಬರಿಗೆ ನೀವೇ ಕರೆ ಮಾಡಿ.

ಬರುವ ದಿನ ಮೊದಲೇ ತಿಳಿಸುತ್ತೇವೆ. ಸಂತೆ ದಿನ ಬೇಡ ಅಂದರೆ ಬೇರೆ ದಿನ ಬರುತ್ತೇವೆ.