ಜೀವನಾಂಶ ಬೇರೆ, ಭೇಟಿ ಬೇರೆ

ಚಿ. ಸುಧೀರನಿಗೆ ಮಾವನ ಆಶೀರ್ವಾದ.

ಹೆಂಡತಿಯಿಂದ ಬೇರೆಯಾದ ಅಪ್ಪಂದಿರ ನಿಮ್ಮ ಸಂಘ ಸರ್ಕಾರಕ್ಕೆ ಕೊಡಬೇಕೆಂದಿರುವ ಮನವಿ ಓದಿದೆ. ಅಪ್ಪ ಅಂದರೆ ಬರೀ ದುಡ್ಡು ಕಳಿಸುವವನಲ್ಲ ಅನ್ನುವ ಮಾತು ನನಗೂ ಒಪ್ಪಿಗೆ. ಮನವಿಯ ವಿಷಯ ಆಮೇಲೆ ಹೇಳುತ್ತೇನೆ. ಪುಟ್ಟಿಯನ್ನು ಅವಳಮ್ಮ ಭೇಟಿಗೆ ಕಳಿಸಲಿಲ್ಲ ಅಂತ ಈ ತಿಂಗಳ ಜೀವನಾಂಶದ ಹಣ ಹಾಕಿಲ್ಲ ಎಂದು ಬರೆದಿದ್ದೀಯಲ್ಲ, ಮೊದಲು ಅದನ್ನು ಹಾಕು. ಇವತ್ತೇ ಹಾಕು.

ಕೋರ್ಟಿನಲ್ಲಿ ಫೈಲು ಹೊತ್ತೇ ರಿಟೈರ್ ಆದವನು ನಾನು. ಭೇಟಿಗೂ ಜೀವನಾಂಶಕ್ಕೂ ಗಂಟು ಹಾಕಿ ಕೈ ಸುಟ್ಟುಕೊಂಡ ಅಪ್ಪಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಜಡ್ಜ್ ಮುಂದೆ ಇವೆರಡೂ ಬೇರೆ ಬೇರೆ. ಬಾಕಿ ಬಿದ್ದರೆ ವಾರಂಟ್ ಬರುತ್ತದೆ, ಜೈಲೂ ಆಗಬಹುದು. ಅದು ಹಾಗಿರಲಿ. ಭೇಟಿಗೆ ನೀನು ಹಾಕಿರುವ ಅರ್ಜಿ ವಾದಕ್ಕೆ ಬಂದ ದಿನ ಎದುರು ಲಾಯರ್ ಎದ್ದು, "ಇವರ ಬಾಕಿ ಎಷ್ಟಿದೆ ಕೇಳಿ ಸ್ವಾಮಿ" ಅಂದರೆ ನೀನು ಏನು ಹೇಳುತ್ತೀಯ? ಕಾದು ಬರಿಗೈಲಿ ವಾಪಸ್ ಬಂದ ತಾರೀಕು, ಕಳಿಸಿದ ಮೆಸೇಜು ಎಲ್ಲ ಜೋಪಾನವಾಗಿ ಇಟ್ಟುಕೋ. ಅವು ಕೆಲಸಕ್ಕೆ ಬರುತ್ತವೆ, ಸಿಟ್ಟು ಬರಲ್ಲ. ಭೇಟಿ ಸಿಗುವ ತನಕ ವಿಡಿಯೊ ಕರೆಯನ್ನಾದರೂ ಕೇಳು. ಜೊತೆಗಿರದ ಅಪ್ಪನೋ ಅಮ್ಮನೋ ಮಗುವಿನ ಜೊತೆ ದಿನಾ 5–10 ನಿಮಿಷ ಮಾತಾಡುವಂತಿರಬೇಕು ಅಂತ ಸುಪ್ರೀಂ ಕೋರ್ಟೇ 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ.

ಜೀವನಾಂಶದ ಮೊತ್ತ ಜಾಸ್ತಿ ಮಾಡಿ ಅಂತ ಪುಟ್ಟಿಯ ಅಮ್ಮ ಹಾಕಿರುವ ಅರ್ಜಿಗೆ ನೀನು ಅಫಿಡವಿಟ್, ಅಂದರೆ ಪ್ರಮಾಣ ಮಾಡಿದ ಲಿಖಿತ ಹೇಳಿಕೆ, ಕೊಡಬೇಕು. ಬೋನಸ್ ತೋರಿಸಬೇಕಾ ಅಂತ ಕೇಳಿದ್ದೀಯ. ತೋರಿಸು. ಸುಪ್ರೀಂ ಕೋರ್ಟಿನ ರಜನೇಶ್ ವರ್ಸಸ್ ನೇಹಾ ತೀರ್ಪು 2020ರಲ್ಲಿ ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಬಿಚ್ಚಿಡಬೇಕು. ಮಗುವಿನ ಓದಿನ ಖರ್ಚು ಸಾಮಾನ್ಯವಾಗಿ ಅಪ್ಪನದು, ಆದರೆ ಅಮ್ಮನಿಗೆ ಸಾಕಷ್ಟು ಸಂಬಳವಿದ್ದರೆ ಇಬ್ಬರ ಗಳಿಕೆಗೆ ತಕ್ಕಂತೆ ಹಂಚಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ನಿನಗೆ ಬೇಕಾದ ನ್ಯಾಯ ಅಲ್ಲೇ ಇದೆ ನೋಡು. ನಿನ್ನ ಲೆಕ್ಕ ಸಾಚಾ ಇದ್ದರೆ ಮಾತ್ರ ಅವಳ ಸಂಬಳದ ಚೀಟಿ ಕೇಳಲು ನಿನಗೆ ಬಾಯಿ ಇರುತ್ತದೆ. ನಾಳೆ ಕೆಲಸ ಹೋಯಿತು ಅಂತಿಟ್ಟುಕೋ, ಆಗಲೂ ಸುಮ್ನೆ ಹಣ ನಿಲ್ಲಿಸಬೇಡ. ಮೊತ್ತ ಬದಲಿಸಿ ಅಂತ ಅರ್ಜಿ ಹಾಕಲು ದಾರಿ ಇದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 127ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 146.

ಇನ್ನು ಮನವಿ. ಸರ್ಕಾರಕ್ಕೆ ಕಾನೂನಿನ ಸಲಹೆ ಕೊಡುವ ಕಾನೂನು ಆಯೋಗ ಮಗುವನ್ನು ಅರ್ಧರ್ಧ ಹಂಚಿ ಅಂದಿದೆ ಅಂತ ಬರೆದಿದ್ದೀರಿ. ಹಾಗೆ ಹೇಳಿಲ್ಲಪ್ಪ. 2015ರ 257ನೇ ವರದಿ ಜಂಟಿ ಪಾಲನೆಯನ್ನು, ಅಂದರೆ ಅಪ್ಪ ಅಮ್ಮ ಇಬ್ಬರೂ ಸೇರಿ ಮಗುವನ್ನು ನೋಡಿಕೊಳ್ಳುವುದನ್ನು, ಒಂದು ಆಯ್ಕೆಯಾಗಿ ಇಡಿ ಅಂದಿತು, ಅಷ್ಟೇ. ಮಗುವಿನ ಹಿತ ನೋಡಿ ಜಡ್ಜ್ ತೀರ್ಮಾನಿಸಬೇಕು. ತಪ್ಪು ಬರೆದರೆ ಓದುವ ಅಧಿಕಾರಿ ಮೊದಲನೇ ಪುಟಕ್ಕೇ ಮಡಚಿಡುತ್ತಾನೆ. ಇದರ ಬದಲು ಇನ್ನೊಂದು ಕೇಳಿ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂನಲ್ಲಿ, ಮಗುವಿನ ಜೀವನಾಂಶ ಮತ್ತು ಓದಿನ ಮಧ್ಯಂತರ (ಕೇಸು ಮುಗಿಯುವ ಮುಂಚಿನ) ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟೂ ಮುಗಿಸಬೇಕು ಅಂತ ಇದೆ. ಮಗುವನ್ನು ನೋಡುವ ಅರ್ಜಿಗೆ ಅಂಥ ಗಡುವೇ ಇಲ್ಲ. ವಾಯಿದೆ ಮೇಲೆ ವಾಯಿದೆ ಬಿದ್ದು, ಮೂರು ವರ್ಷದ ಕೂಸಿಗೆ ಅಪ್ಪನ ಮುಖ ಮರೆತೇ ಹೋಗುತ್ತದೆ. ಅದಕ್ಕೂ 60 ದಿನ ಕೊಡಿ ಅಂತ ಕೇಳಿ. ಯಾರೂ ಬೇಡ ಅನ್ನಲಾರರು.

ಹೆಂಗಸರೆಲ್ಲ ದುಡ್ಡಿಗಾಗಿ ಕೇಸು ಹಾಕುತ್ತಾರೆ ಅನ್ನುವ ಪ್ಯಾರಾ ತೆಗೆದುಬಿಡು. ನಿನ್ನ ಚಿಕ್ಕಮ್ಮನ ಮಗಳು ಬಾಕಿ ಹಣಕ್ಕೆ ಕೋರ್ಟು ಸುತ್ತಿದ್ದು ನಿನಗೇ ಗೊತ್ತಲ್ವಾ? ಗಡುವು ಬೇಕು, ಲೆಕ್ಕ ಸಾಚಾ ಇರಬೇಕು ಅನ್ನುವುದು ಅವಳಿಗೂ ಬೇಕಾದದ್ದೇ. ನಿಮ್ಮ ಮುಂದಿನ ಸಭೆಗೆ ಕರೆದರೆ ಬಂದು ಮನವಿಗೆ ಸಹಿ ಹಾಕುತ್ತಾಳಂತೆ. ಆ ಪ್ಯಾರಾ ಇದ್ದರೆ ಮಾತ್ರ ಹಾಕಲ್ಲವಂತೆ.

ಇಂತಿ,
ನಿನ್ನ ಮಾವ