ಪತ್ರಿಕೆಯ ಲಾಭದಲ್ಲಿ ವಿಶ್ವವಿದ್ಯಾಲಯವೇ?

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಸಿಂಗಪುರದ ಉದ್ಯಮಿ ತಾನ್ ಕಾ ಕೀ ಕುರಿತ ಲೇಖನ ಓದಿ ತಲೆ ಕೆಟ್ಟಿತು. 'ಪತ್ರಿಕೆಯಲ್ಲಿ ಗಳಿಸಿ ವಿಶ್ವವಿದ್ಯಾಲಯ ಕಟ್ಟಿದರು' ಎಂದು ದಪ್ಪಕ್ಷರದಲ್ಲಿ ಹಾಕಿದ್ದೀರಲ್ಲ, ಇಸವಿಗಳನ್ನಾದರೂ ನೋಡಬಾರದಿತ್ತೆ? ಅವರು ಕಟ್ಟಿದ ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯ ಶುರುವಾದದ್ದು 1921ರ ಏಪ್ರಿಲ್‌ನಲ್ಲಿ. ಅವರ 'ನಾನ್ಯಾಂಗ್ ಸಿಯಾಂಗ್ ಪಾವ್' ಪತ್ರಿಕೆ ಹೊರಬಂದದ್ದು 1923ರ ಸೆಪ್ಟೆಂಬರ್‌ನಲ್ಲಿ. ಹುಟ್ಟುವ ಮೊದಲೇ ಲಾಭ ತಂದ ಪತ್ರಿಕೆ! ಆ ಗುಟ್ಟನ್ನು ನಿಮ್ಮ ಜಾಹೀರಾತು ವಿಭಾಗಕ್ಕೂ ಹೇಳಿಕೊಡಿ.

ದುಡ್ಡು ಬಂದದ್ದು ರಬ್ಬರಿನಿಂದ. ತಂದೆಯ ವ್ಯಾಪಾರ ಮುಳುಗಿದ ಮೇಲೆ 1904ರಲ್ಲಿ ಅನಾನಸ್ ಡಬ್ಬಿ ಕಾರ್ಖಾನೆ ಹಾಕಿದವರು, 1906ರಲ್ಲಿ ಅನಾನಸ್ ಸಾಲುಗಳ ನಡುವೆಯೇ ರಬ್ಬರ್ ಬೀಜ ನೆಡಿಸಿದರು. ರಬ್ಬರ್ ಮರ ಟ್ಯಾಪಿಂಗ್‌ಗೆ, ಅಂದರೆ ತೊಗಟೆ ಗೀರಿ ಹಾಲು ಇಳಿಸಲು, ಬರಲು ಐದಾರು ವರ್ಷ ಬೇಕು. ಅಲ್ಲಿಯತನಕ ತೋಟದ ಖರ್ಚನ್ನು ಅನಾನಸ್ ತೂಗಿಸುತ್ತದೆ. ಮುಂದೆ ಬರೀ ರಬ್ಬರ್ ಶೀಟ್ ಮಾರದೆ ಟೈರು, ಬೂಟುಗಳನ್ನೂ ಮಾಡಿಸಿದರು. ಆ ಸರಕಿನ ಪ್ರಚಾರಕ್ಕೂ ವ್ಯಾಪಾರದ ಸುದ್ದಿಗೂ ಬೇಕಾಗಿ ಬಂದದ್ದು ಪತ್ರಿಕೆ. ಇದೆಲ್ಲ ಬಿಟ್ಟು ಅರ್ಧ ಪುಟ ತುಂಬಿಸಿದ್ದು ಹೇಗೋ!

ವಿಶ್ವವಿದ್ಯಾಲಯಕ್ಕೆ ಅವರು ಘೋಷಿಸಿದ್ದು 40 ಲಕ್ಷ ಯುವಾನ್: ಆರಂಭಕ್ಕೆ 10 ಲಕ್ಷ, 12 ವರ್ಷ ನಡೆಸಲು 30 ಲಕ್ಷ. ಎಡವಟ್ಟಾದದ್ದೂ ಅಲ್ಲೇ. ಬಡ್ಡಿಯಲ್ಲಿ ನಡೆಯುವಷ್ಟು ಶಾಶ್ವತ ನಿಧಿ ಇರಲಿಲ್ಲ. ಸಂಬಳವೆಲ್ಲ ರಬ್ಬರ್ ದರದ ಮೇಲೆ ನಿಂತಿತ್ತು. ದರ ಕುಸಿಯಿತು, ಬ್ಯಾಂಕ್ ಸಾಲ ಬೆಳೆಯಿತು. 1931ರಲ್ಲಿ ಸಾಲ ಕೊಟ್ಟವರ ಒತ್ತಾಯಕ್ಕೆ ಉದ್ಯಮ ಲಿಮಿಟೆಡ್ ಕಂಪನಿಯಾಗಿ, 1934ರಲ್ಲಿ ಬಾಗಿಲು ಹಾಕಿತು. ಆದರೂ ಹಣ ಹೊಂದಿಸುತ್ತಲೇ ಇದ್ದು, 1937ರಲ್ಲಿ ವಿಶ್ವವಿದ್ಯಾಲಯವನ್ನು ಸರ್ಕಾರಕ್ಕೆ ಒಪ್ಪಿಸಿದರು. ನಿಮ್ಮ ಲೇಖಕರ ಪ್ರಕಾರ 'ಕೊನೆತನಕ ಕುಬೇರ'!

ಪಕ್ಕದ ಬಾಕ್ಸಿನಲ್ಲಿ 'ಚೆನ್ ಜಿಯಾಗೆಂಗ್ ಎಂಬ ಇನ್ನೊಬ್ಬ ದಾನಿ' ಬೇರೆ. ಚೀನೀ ಭಾಷೆಯ ಹೊಕ್ಕಿಯನ್ ರೂಪದಲ್ಲಿ ತಾನ್ ಕಾ ಕೀ, ಮ್ಯಾಂಡರಿನ್ ರೂಪದಲ್ಲಿ ಚೆನ್ ಜಿಯಾಗೆಂಗ್. ಸ್ವಾಮೀ, ಆಸಾಮಿ ಒಬ್ಬರೇ.

ತಪ್ಪು ತಿಳಿಸೋಣವೆಂದು ಫೋನ್ ಮಾಡಿದರೆ ಸಂಪಾದಕೀಯದವರು ಪ್ರಸರಣಕ್ಕೆ ಕೊಟ್ಟರು, ಪ್ರಸರಣದವರು ಚಂದಾ ನವೀಕರಿಸುತ್ತೀರಾ ಎಂದರು. ಇ-ಪೇಪರ್‌ನಲ್ಲಿ ಆ ಪುಟವೇ ತೆರೆಯುವುದಿಲ್ಲ. ಗ್ರಂಥಾಲಯಕ್ಕೆ ಹೋದರೆ ಪುರವಣಿಗಳನ್ನು ಬೈಂಡ್ ಮಾಡಿಸದೆ ರದ್ದಿಗೆ ಹಾಕಿದ್ದಾರೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಮಾತ್ರ ತಪ್ಪದೆ ವಸೂಲಿ. ಅದು ಗ್ರಂಥಾಲಯಕ್ಕೆ ಮುಟ್ಟುವುದು ಯಾವ ಕಾಲಕ್ಕೋ. ಬೋರ್ಡು ನೆಟ್ಟು, ಕುಲಪತಿಯನ್ನು ಕೂರಿಸಿ, ಅನುದಾನ ಕೇಳಿದಾಗ ಮುಚ್ಚುವ ಮಾತಾಡುವ ನಮ್ಮ ಉನ್ನತ ಶಿಕ್ಷಣದ ಅಧಿಕಾರಿಗಳು ಈ 1934ರ ಲೆಕ್ಕವನ್ನಾದರೂ ಓದಲಿ. ಓದುವವರಾಗಿದ್ದರೆ ಇಲಾಖೆಯ ಗತಿ ಹೀಗಿರುತ್ತಿರಲಿಲ್ಲ ಬಿಡಿ.

ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ದಪ್ಪಕ್ಷರದಲ್ಲಿ ಹಾಕಿ. ಇಲ್ಲವೇ ಅಂಕಣವನ್ನೇ ನಿಲ್ಲಿಸಿ. ಗ್ರಂಥಾಲಯದವರಿಗೂ ಯಾರಾದರೂ ಬುದ್ಧಿ ಹೇಳಿ.

– ನೊಂದ ಚಂದಾದಾರ